ಬೈಪಾಸ್ ಆದವರನ್ನು ಕೂರಿಸಿ ಸಾಯಿಸಬೇಡಿ!

ನಮ್ಮ ಮುಂಬಯಿ ಕನ್ನಡಿಗರಲ್ಲಿ ಯಾರಿಗಾದರೂ ಬೈಪಾಸ್ ಆಯ್ತು ಅಂದ್ರೆ ಸೇಬು, ಮೋಸಂಬಿ ಹಿಡ್ಕೊಂಡು ನೋಡೋಕೆ ಹೋಗ್ತೀವಿ. ಪ್ರಶ್ನೆ ಎರಡೇ: ಎಷ್ಟು ಬ್ಲಾಕ್ ಇತ್ತು? ಎಷ್ಟು ಖರ್ಚಾಯ್ತು? ಉಪದೇಶ ಒಂದೇ: ಇನ್ಮೇಲೆ ಆರಾಮಾಗಿ ಕೂತಿರಿ. ಈ ಉಪದೇಶದ ಮೇಲೇ ನನ್ನ ತಕರಾರು.

ನಾನು ಡಾಕ್ಟರಲ್ಲ ಸ್ವಾಮಿ, ಬಿ.ಕಾಂ. ಮಾಡಿ ಬ್ಯಾಂಕು ಸೇರಿದವನು. ಆದರೆ ಸಾಲ ಕೊಡುವಾಗ ಬರೀ ಅಡಮಾನ ನೋಡಿದರೆ ಸಾಲದು, ತೀರಿಸುವ ಶಕ್ತಿಯನ್ನೂ ನೋಡಬೇಕು ಅಂತ ಗೊತ್ತು. ಹೃದಯದ್ದೂ ಅದೇ ಲೆಕ್ಕ.

ಕೆನಡಾದ ಟೊರಾಂಟೊದಲ್ಲಿ 12,169 ಗಂಡಸು ಹೃದ್ರೋಗಿಗಳನ್ನು ಪರೀಕ್ಷಿಸಿ, ವರ್ಷಗಟ್ಟಲೆ ಗಮನಿಸಿ, 2002ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಬೈಪಾಸ್ ಆದವರೂ ಇದ್ದರು. ಪೂರ್ತಿ ದಣಿಯುವಷ್ಟು ವ್ಯಾಯಾಮ ಮಾಡಿಸಿ ದೇಹ ಎಷ್ಟು ಆಮ್ಲಜನಕ ಬಳಸುತ್ತೆ ಅಂತ ಅಳೆದರು. ಸುಮ್ಮನೆ ಕೂತಾಗ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 3.5 ಮಿಲಿಲೀಟರ್ ಸಾಕು. ವ್ಯಾಯಾಮದ ತುತ್ತತುದಿಯಲ್ಲಿ ಬಳಸುವ ಪ್ರಮಾಣ ಒಂದೇ ಒಂದು ಮಿಲಿಲೀಟರ್ ಜಾಸ್ತಿ ಇದ್ದವರಲ್ಲೂ ಹೃದಯದ ಕಾರಣಕ್ಕೆ ಸಾಯುವ ಅಪಾಯ ಸುಮಾರು ಶೇ. 9ರಷ್ಟು ಕಡಿಮೆ!

"ಗಟ್ಟಿಯಿದ್ದವರು ಬದುಕ್ತಾರೆ, ಇದರಲ್ಲೇನು ಹೊಸದು?" ಅನ್ನಬಹುದು. ಹೊಸದೇನೆಂದರೆ ಈ ಗಟ್ಟಿತನ ಹಣೆಬರಹವಲ್ಲ, ಅಭ್ಯಾಸದಿಂದ ಬೆಳೆಯುತ್ತೆ. 2021ರಲ್ಲಿ ಕಾಕ್ರೇನ್ ಸಂಸ್ಥೆ ಹೃದ್ರೋಗಿಗಳ ಮೇಲಿನ 85 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕ್ರಮಬದ್ಧ ವ್ಯಾಯಾಮದಿಂದ ಹೃದಯ ಸಂಬಂಧಿ ಸಾವೂ, ಮತ್ತೆ ಆಸ್ಪತ್ರೆ ಸೇರುವುದೂ ಕಡಿಮೆಯಾಗಿತ್ತು.

ನಾವು ಮಾಡೋದೇನು? ಹೆಂಡತಿ ತರಕಾರಿ ಚೀಲ ಕಸಿದುಕೊಳ್ತಾಳೆ. ಮಗ ಒಂದೇ ಮಹಡಿಗೂ ಲಿಫ್ಟ್ ಒತ್ತುತ್ತಾನೆ. ಪರಿಚಯದವರೊಬ್ಬರ ಡಿಸ್ಚಾರ್ಜ್ ಕಾಗದ ನೋಡಿದೆ. ಮಾತ್ರೆಗಳಿಗೆ ಇಡೀ ಪುಟ, ವ್ಯಾಯಾಮಕ್ಕೆ ಎರಡೇ ಪದ: ಲೈಟ್ ವಾಕಿಂಗ್. ಎಷ್ಟು ನಿಮಿಷ? ಯಾವ ವೇಗ? ಯಾವಾಗ ಹೆಚ್ಚಿಸಬೇಕು? ದೇವರೇ ಬಲ್ಲ. ಲಕ್ಷಗಟ್ಟಲೆ ಬಿಲ್ಲಿನಲ್ಲಿ ಹತ್ತಿಯ ಲೆಕ್ಕವೂ ಇರುತ್ತೆ, ನಡಿಗೆಯ ಲೆಕ್ಕ ಮಾತ್ರ ಇರಲ್ಲ!

ಹಾಗಂತ ಮನೆಗೆ ಬಂದ ಮರುದಿನವೇ ಓಡಿ ಅಂತಿಲ್ಲ. ಕೊಯ್ದ ಎದೆಮೂಳೆ ಕೂಡಿಕೊಳ್ಳಲು ವಾರಗಳೇ ಬೇಕು, ಅಲ್ಲಿಯವರೆಗೆ ಭಾರ ಎತ್ತೋದು ಬೇಡ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಆದರೆ ನಿಧಾನಕ್ಕೆ ಹೆಚ್ಚಿಸುತ್ತಾ ಹೋಗುವ ಲಿಖಿತ ವೇಳಾಪಟ್ಟಿ, ಸಮಯ ಬಂದಾಗ ಟ್ರೆಡ್‌ಮಿಲ್ ಪರೀಕ್ಷೆ, ಇವನ್ನು ಕೇಳಿ ಪಡೆಯಿರಿ. ದುಡ್ಡು ಕಟ್ಟಿದ ಮೇಲೆ ರಸೀದಿ ಕೇಳಲ್ವಾ? ಹಾಗೇ.

ಏನಂತೀರಿ?