ರೈಲಿನ ಬಾಗಿಲು ಮುಚ್ಚಿದವರು ಯಾರು?

ದುಬೈ, ಅಬುಧಾಬಿಯ ಕನ್ನಡದ ಮನೆಗಳಲ್ಲಿ ಹೈಸ್ಕೂಲು ಮಕ್ಕಳಿಗೆ ಎರಡನೇ ಮಹಾಯುದ್ಧ ಎರಡು ಕಡೆಯಿಂದ ಬರುತ್ತದೆ: ಸಿಬಿಎಸ್‌ಇ ಒಂಬತ್ತನೇ ತರಗತಿಯ ಇತಿಹಾಸದಿಂದ, ಇಲ್ಲವೇ ಒಟಿಟಿಯಿಂದ. ಪುಸ್ತಕದಲ್ಲಿ ನಾಜಿಗಳ ಬಗ್ಗೆ ಇಡೀ ಒಂದು ಪಾಠವಿದೆ. ಅಲ್ಲಿ ಪೋಲೆಂಡ್ ಏಟು ತಿಂದ ದೇಶ. ತಿರುಗಿ ಹೊಡೆದ ಪೋಲೆಂಡನ್ನು ನೋಡಬೇಕೆಂದರೆ ಧಾರಾವಾಹಿಯೇ ಗತಿ. ತೊಂದರೆ ಶುರುವಾಗುವುದೂ ಅಲ್ಲೇ.

ಜರ್ಮನಿಯ ಝಡ್‌ಡಿಎಫ್ ವಾಹಿನಿ 2013ರ ಮಾರ್ಚ್‌ನಲ್ಲಿ ಮೂರು ಕಂತಿನ ಸರಣಿಯೊಂದನ್ನು ಪ್ರಸಾರ ಮಾಡಿತು. ಹೊರದೇಶಗಳಲ್ಲಿ ಅದು 'ಜನರೇಷನ್ ವಾರ್'. 1941ರ ಬರ್ಲಿನ್‌ನ ಐವರು ಗೆಳೆಯರ ಕಥೆ. ಅವರಲ್ಲೊಬ್ಬ ಯಹೂದಿ ಹುಡುಗ ವಿಕ್ಟರ್. ಸಾವಿನ ಶಿಬಿರಕ್ಕೆ ಹೊರಟ ರೈಲಿನಿಂದ ತಪ್ಪಿಸಿಕೊಂಡು ಪೋಲಿಷ್ ಗೆರಿಲ್ಲಾಗಳನ್ನು ಸೇರಿಕೊಳ್ಳುತ್ತಾನೆ, ಯಹೂದಿಯೆಂಬುದನ್ನು ಮುಚ್ಚಿಟ್ಟು. ಮುಂದೆ ಅದೇ ಗೆರಿಲ್ಲಾಗಳು ಆಯುಧಕ್ಕಾಗಿ ಒಂದು ರೈಲಿನ ಮೇಲೆ ಬೀಳುತ್ತಾರೆ. ಬೋಗಿ ತೆರೆದರೆ ಒಳಗೆ ಕೈದಿಗಳು. ಯಹೂದಿಗಳೆಂದು ತಿಳಿದದ್ದೇ ಬಾಗಿಲು ಮುಚ್ಚಿಬಿಡುತ್ತಾರೆ. ತೆರೆಯುವವನು ವಿಕ್ಟರ್ ಒಬ್ಬನೇ. ಇತ್ತ ಐವರು ಬರ್ಲಿನ್ ಗೆಳೆಯರಲ್ಲಿ ಯಹೂದಿಗಳನ್ನು ಮನಸಾರೆ ದ್ವೇಷಿಸುವವರು ಒಬ್ಬರೂ ಇಲ್ಲ! ಹಿಟ್ಲರನ ದೇಶದ ವಿಷವನ್ನು ಹೊರುವ ಕೆಲಸ ಪೋಲೆಂಡಿನ ಕಾಡಿನವರ ಪಾಲಿಗೆ ಬಂತು.

ಪೋಲೆಂಡಿನಲ್ಲಿ ಯಹೂದಿ ದ್ವೇಷವೇ ಇರಲಿಲ್ಲ ಎಂದು ವಾದಿಸುವವರ ಜೊತೆ ನಾನಿಲ್ಲ. 1941ರ ಜುಲೈನಲ್ಲಿ ಯೆಡ್ವಾಬ್ನೆ ಎಂಬ ಊರಿನ ಯಹೂದಿಗಳನ್ನು ಕಣಜದಲ್ಲಿ ಕೂಡಿ ಸುಟ್ಟವರಲ್ಲಿ ನೆರೆಹೊರೆಯವರೇ ಇದ್ದರು. ಆದರೆ ಸರಣಿಯ ಆ ಗೆರಿಲ್ಲಾಗಳು ಸೇರಿದ್ದ ಹೋಮ್ ಆರ್ಮಿ 3 ಲಕ್ಷಕ್ಕೂ ಮಿಕ್ಕಿದ ಗುಪ್ತ ಸೇನೆ. ಅದು ನಿಂತಿದ್ದ ಭೂಗತ ಆಡಳಿತವೇ 1942ರ ಡಿಸೆಂಬರಿನಲ್ಲಿ ಯಹೂದಿಗಳ ರಕ್ಷಣೆಗೆ 'ಝೆಗೋಟಾ' ಮಂಡಳಿಯ ಬೆನ್ನಿಗಿತ್ತು. ಪ್ರತಿರೋಧದ ವಿಟೋಲ್ಡ್ ಪಿಲೆಟ್ಸ್‌ಕಿ ಬೇಕೆಂದೇ ಸೆರೆಸಿಕ್ಕು ಆಶ್‌ವಿಟ್ಜ್ ಹೊಕ್ಕು, ಒಳಗಿನಿಂದಲೇ ವರದಿ ಕಳಿಸಿದ. ಇಷ್ಟೆಲ್ಲದರ ನಡುವೆ ಒಂದು ದೃಶ್ಯವನ್ನು ಆರಿಸಿಕೊಳ್ಳುವುದು ಚಿತ್ರಕಥೆಗಾರನ ಹಕ್ಕು, ಸರಿ. ಆದರೆ ಆ ಆಯ್ಕೆಯೇ ರಾಜಕೀಯ. ಹಳೆಯ ಯೋಧರ ಸಂಘಟನೆಯೂ ಆಶ್‌ವಿಟ್ಜ್ ಕಂಡು ಬಂದಿದ್ದ ವೃದ್ಧ ಯೋಧರೊಬ್ಬರೂ ಕೋರ್ಟಿಗೆ ಹೋದರು. 2018ರ ಡಿಸೆಂಬರಿನಲ್ಲಿ ಕ್ರಾಕೋವ್ ನ್ಯಾಯಾಲಯ ನಿರ್ಮಾಪಕರು ಕ್ಷಮೆ ಕೇಳಬೇಕೆಂದಿತು. ಧಾರಾವಾಹಿಯ ಇತಿಹಾಸವನ್ನು ಕೋರ್ಟು ತಿದ್ದುವುದು ನನಗೆ ಅಷ್ಟು ಹಿತವೆನಿಸುವುದಿಲ್ಲ. ಆ ಹಿರಿಯರ ನೋವು ಮಾತ್ರ ಅರ್ಥವಾಗುತ್ತದೆ.

ಪೋಲಿಷ್ ಟಿವಿಯೇನು ಸಾಚಾ ಅಲ್ಲ. 1966ರಲ್ಲಿ ಬಂದ 'ನಾಲ್ವರು ಟ್ಯಾಂಕರು ಮತ್ತು ಒಂದು ನಾಯಿ' ಸರಣಿಯಲ್ಲಿ ಬಿಡುಗಡೆ ಬರುವುದು ಪೂರ್ವದಿಂದ, ಸೋವಿಯತ್ ಸೇನೆಯ ಜೊತೆಜೊತೆಗೆ. ಹೋಮ್ ಆರ್ಮಿಯವರನ್ನು ಜೈಲಿಗಟ್ಟಿದ್ದ, ಪಿಲೆಟ್ಸ್‌ಕಿಯನ್ನು 1948ರಲ್ಲಿ ಕೊಂದಿದ್ದ ಸರ್ಕಾರದ ಟಿವಿ ಅದು, ಇನ್ನೇನು ತೋರಿಸೀತು? 2008ರ 'ಚಾಸ್ ಹೊನೊರು' ಸರಣಿಯ ಹೊತ್ತಿಗೆ ಚಿತ್ರ ಮಗುಚಿತ್ತು. ಬ್ರಿಟನ್ನಿನಲ್ಲಿ ತರಬೇತಾಗಿ ಪ್ಯಾರಾಶೂಟಿನಲ್ಲಿ ಇಳಿದ ಹುಡುಗರೇ ನಾಯಕರು.

ಪ್ರತಿರೋಧದ ಕಥೆಯನ್ನು ಬೇಕಾದಂತೆ ಬಾಗಿಸುವ ಈ ರೋಗ ಯುರೋಪಿನದಷ್ಟೇ ಅಲ್ಲ. ಆಗ ದುಬೈ ಮೀಡಿಯಾ ಸಿಟಿಯಲ್ಲಿದ್ದ ಎಂಬಿಸಿ 2006ರಿಂದ ರಮದಾನ್ ರಾತ್ರಿಗಳಲ್ಲಿ 'ಬಾಬ್ ಅಲ್ ಹಾರಾ' ಪ್ರಸಾರ ಮಾಡಿತು. ಫ್ರೆಂಚರ ಆಳ್ವಿಕೆಯ ದಮಾಸ್ಕಸ್, ಗೇಟು ಹಾಕಿದ ಕೇರಿ, ಮೀಸೆಯ ಗಂಡಸರ ಪೌರುಷ. ಅದರಲ್ಲಿ ಹೆಂಗಸರು ಬಹುಮಟ್ಟಿಗೆ ಅಂಗಳ ದಾಟುವುದಿಲ್ಲ. 1920ರಲ್ಲಿ ಫ್ರೆಂಚರ ವಿರುದ್ಧ ಮೈಸಲೂನ್ ರಣಕ್ಕೆ ಹೋದ ನಾಝಿಕ್ ಅಲ್ ಆಬಿದ್ ಇದೇ ದಮಾಸ್ಕಸ್‌ನ ಹೆಣ್ಣು. ನೋಡುವವರಿಗೆ ಬೇಕಿದ್ದುದು ಹಳೆಯ ಕಾಲದ ಹಂಬಲ. ಪ್ರತಿರೋಧ ಅದಕ್ಕೆ ತಕ್ಕಂತೆ ಬಾಗಿತು.

ಸರಣಿ ನೋಡಬೇಡಿ ಎಂದು ಮಕ್ಕಳಿಗೆ ಹೇಳಿ ಪ್ರಯೋಜನವಿಲ್ಲ. ಯಾರು, ಯಾವ ವರ್ಷ, ಯಾರ ದುಡ್ಡಿನಲ್ಲಿ ತೆಗೆದದ್ದು ಎಂದು ಜೊತೆಗೆ ಕೂತು ಕೇಳಬಹುದು. ಪೋಲೆಂಡಿನ ಸರ್ಕಾರಿ ಟಿವಿ ಜರ್ಮನ್ ಸರಣಿಯನ್ನು 2013ರಲ್ಲೇ ತನ್ನ ಪ್ರೇಕ್ಷಕರಿಗೆ ತೋರಿಸಿ, ಬೆನ್ನಲ್ಲೇ ಸ್ಟುಡಿಯೋದಲ್ಲಿ ಚರ್ಚೆ ನಡೆಸಿತು. ನಮ್ಮ ಮನೆಯ ಟಿವಿಗೆ ಬರುವುದು ಸರಣಿ ಮಾತ್ರ, ಆ ಚರ್ಚೆಯಲ್ಲ.