ಆಜ್ಞೆಗೆ ಮುನ್ನ ವಿವೇಕ

ಅಕ್ಷರಗಳಲ್ಲಿಯೇ ಆಜ್ಞೆಯನ್ನು ಬರೆದು ಕಂಪ್ಯೂಟರಿನಿಂದ ಕೆಲಸ ತೆಗೆಯುವ ಲಿನಕ್ಸ್ ವಿದ್ಯೆಯನ್ನು ನಮ್ಮ ತರುಣರು ಕಲಿಯುತ್ತಿರುವುದು ಸಂತೋಷದ ಸಂಗತಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಯು ಇಂದು ಲೋಕದ ಅಸಂಖ್ಯ ಸರ್ವರುಗಳನ್ನು ನಡೆಸುತ್ತಿದೆ. ಅದನ್ನು ಕಲಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಹಲವೆಡೆ ಆಜ್ಞೆಗಳನ್ನು ಬಾಯಿಪಾಠ ಮಾಡಿಸುವುದನ್ನೇ ಶಿಕ್ಷಣವೆಂದು ತಿಳಿದಿರುವುದು ವಿಷಾದಕರ.

ನುರಿತವರಿಗೂ ಏನಾದೀತೆಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರ ರಾತ್ರಿ ನಡೆದುದೇ ಸಾಕ್ಷಿ. ಉಪಸರ್ವರಿನ ದತ್ತಾಂಶಕೋಶವನ್ನು ತೆರವು ಮಾಡಲು ಹೊರಟ ಇಂಜಿನಿಯರೊಬ್ಬರು, ತಾವು ಮುಖ್ಯ ಸರ್ವರಿನಲ್ಲಿರುವುದನ್ನು ಗಮನಿಸದೆ, ಅಳಿಸುವ 'ಆರ್‌ಎಂ' ಆಜ್ಞೆಯನ್ನಿತ್ತರು. ಒಂದೆರಡು ಕ್ಷಣಗಳಲ್ಲಿ ತಡೆದರಾದರೂ ಸುಮಾರು 300 ಗಿಗಾಬೈಟುಗಳಲ್ಲಿ ಉಳಿದುದು ನಾಲ್ಕೂವರೆ ಮಾತ್ರ. ನಿತ್ಯದ ಪ್ರತಿ ತೆಗೆಯುವ ಏರ್ಪಾಡು ನಡೆಯುತ್ತಲೇ ಇರಲಿಲ್ಲವೆಂಬುದೂ, ಆ ವೈಫಲ್ಯವನ್ನು ತಿಳಿಸಬೇಕಾದ ಪತ್ರಗಳು ಯಾರಿಗೂ ತಲಪಿರಲಿಲ್ಲವೆಂಬುದೂ ಆಗ ಬೆಳಕಿಗೆ ಬಂದವು. ಆರು ಗಂಟೆಗಳ ಮುನ್ನ ಬೇರೊಂದು ಪರೀಕ್ಷೆಗಾಗಿ ತೆಗೆದಿದ್ದ ಪ್ರತಿಯೇ ಅವರ ಮಾನವನ್ನು ಕಾಯಿತು. ತಪ್ಪನ್ನು ಮುಚ್ಚಿಡದೆ ಲೋಕದ ಮುಂದಿಟ್ಟ ಆ ಸಂಸ್ಥೆಯ ನಡೆ ಶ್ಲಾಘನೀಯ.

ಯಂತ್ರಕ್ಕೆ ವಿಧೇಯತೆಯುಂಟು, ವಿವೇಕವಿಲ್ಲ. ಆದುದರಿಂದ ಹೊಸಬನು ಮೊದಲು ಕಲಿಯತಕ್ಕದ್ದು ಪ್ರಶ್ನೆ ಕೇಳುವುದನ್ನು. ನಾನು ಯಾರೆಂದು 'ಹೂಆಮ್‌ಐ'ಯೂ, ಯಾವ ಯಂತ್ರವೆಂದು 'ಹೋಸ್ಟ್‌ನೇಮ್' ಆಜ್ಞೆಯೂ, ಎದುರಿಗೇನಿದೆಯೆಂದು 'ಎಲ್‌ಎಸ್' ಆಜ್ಞೆಯೂ ತಿಳಿಸುವುವು. ನಿಂತಿರುವ ಸ್ಥಳವನ್ನು ತಿಳಿಸುವುದು 'ಪಿಡಬ್ಲ್ಯುಡಿ'. ಆ ಹೆಸರನ್ನು ಕೇಳಿದೊಡನೆ ರಸ್ತೆ ಸೇತುವೆಗಳ ಇಲಾಖೆಯನ್ನು ನೆನೆಯುವ ನಮ್ಮ ಅಧಿಕಾರಿಗಳು ಈ ಅರ್ಥವನ್ನೂ ಅರಿಯಲಿ. ಇನ್ನು 'ರೂಟ್' ಎಂಬ ಸರ್ವಾಧಿಕಾರಿಯ ಪದವಿಯಲ್ಲಿ ಸದಾ ಕುಳಿತಿರುವುದು ಸಲ್ಲದು. ಸಾಮಾನ್ಯ ಬಳಕೆದಾರನಾಗಿಯೇ ದುಡಿದು, ಅಗತ್ಯಬಿದ್ದಾಗ ಮಾತ್ರ 'ಸುಡೊ' ಮೂಲಕ ಅಧಿಕಾರವನ್ನು ಪಡೆಯಬೇಕು. ಯಾರು ಯಾವ ಆಜ್ಞೆಯನ್ನಿತ್ತರೆಂಬುದು ಆಗ ದಾಖಲೆಯಲ್ಲಿ ಉಳಿಯುವುದು. ಲೆಕ್ಕ ಒಪ್ಪಿಸದ ಅಧಿಕಾರವು ಎಲ್ಲಿಯೂ ಕ್ಷೇಮಕರವಲ್ಲ.

ಪಹಣಿ, ಪಡಿತರ, ಸಂಬಳಗಳ ಲೆಕ್ಕವೆಲ್ಲ ಕಂಪ್ಯೂಟರನ್ನು ಸೇರಿರುವ ಈ ಕಾಲದಲ್ಲಿ ಇದು ಕೇವಲ ತರುಣರ ಉದ್ಯೋಗದ ಮಾತಲ್ಲ. ಅಳಿಯುವುದು ಬಡ ರೈತನ ಹಕ್ಕಿನ ದಾಖಲೆಯೂ ಆದೀತು. ಅನಾಹುತವಾದ ಮೇಲೆ ದಣಿದ ನೌಕರನೊಬ್ಬನನ್ನು ದಂಡಿಸಿ ಕೈತೊಳೆದುಕೊಳ್ಳುವುದು ಆಡಳಿತವೆನಿಸದು. ದಫ್ತರದ ಪ್ರತಿಯನ್ನು ತೆಗೆದರೆ ಸಾಲದು, ಗೊತ್ತಾದ ದಿನಗಳಂದು ಅದನ್ನು ಮರಳಿ ತೆರೆದು ಪರೀಕ್ಷಿಸಬೇಕು. ಪ್ರತಿಯೊಬ್ಬ ಇಲಾಖಾ ಮುಖ್ಯಸ್ಥರೂ ಇಂದೇ ತಮ್ಮ ಕಚೇರಿಯಲ್ಲಿ ಒಂದು ಪ್ರಶ್ನೆಯನ್ನು ಕೇಳಲಿ: "ನಮ್ಮ ಪ್ರತಿಯನ್ನು ಕಡೆಯ ಬಾರಿ ತೆರೆದು ನೋಡಿದುದು ಯಾವಾಗ?" ಉತ್ತರ ಬಾರದಿದ್ದರೆ, ಶಿಕ್ಷಣದ ಆವಶ್ಯಕತೆ ಕೆಳಗಿನ ಗುಮಾಸ್ತೆಗಲ್ಲ, ಮೇಲಿನವರಿಗೇ ಎಂದು ನಾವು ತಿಳಿಯಬೇಕಾದೀತು.