ಹೊಲಿಗೆ ಟೇಪು ಹಿಡಿದು ಹೊಟ್ಟೆ ಅಳೆಯಿರಿ

ನಮ್ಮ ಅಬ್ಬಾಗೆ ಶುಗರ್ ಇದೆ ಎಂದು ಗೊತ್ತಾದಾಗ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಅಷ್ಟೊಂದು ಸಿಹಿ ತಿಂತಿದ್ರೇನು?" ಅಬ್ಬಾ ಚಹಾಕ್ಕೂ ಸಕ್ಕರೆ ಕಡಿಮೆ ಹಾಕಿಸಿಕೊಳ್ಳುವವರು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಆ ಹೊಟ್ಟೆಯ ಬಗ್ಗೆ ಯಾರೂ ಕೇಳಲಿಲ್ಲ.

ಗೆಳೆಯರೇ, ಕೇಳಬೇಕಾದ್ದು ಅದನ್ನೇ. 2025ರ ವೈದ್ಯಕೀಯ ನೊಬೆಲ್ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ ಬಂತು. ನಮ್ಮ ರೋಗನಿರೋಧಕ ಪಡೆಯಲ್ಲಿ ಹೊಡೆಯುವ ಕೋಶಗಳ ಜೊತೆಗೆ "ಸಾಕು, ನಿಲ್ಲಿಸಿ" ಎನ್ನುವ ಕೋಶಗಳೂ ಇವೆ. ಅವೇ ನಿಯಂತ್ರಕ ಟಿ ಕೋಶಗಳು. ಸಕಾಗುಚಿ 1995ರಲ್ಲೇ ಇವನ್ನು ತೋರಿಸಿದ್ದರು.

ಹೊಟ್ಟೆಯೊಳಗಿನ ಕೊಬ್ಬಿನಲ್ಲೂ ಈ ಕೋಶಗಳು ಕಾವಲಿರುತ್ತವೆ. ಬೊಜ್ಜು ಬಂದ ಇಲಿಗಳಲ್ಲಿ ಈ ಕಾವಲುಗಾರರು ತೀರಾ ಕಡಿಮೆಯಾಗಿದ್ದರು ಎಂದು 2009ರಲ್ಲಿ ಸಂಶೋಧಕರು ಕಂಡರು. ಕಾವಲು ಇಲ್ಲದಿದ್ದರೆ ಕೊಬ್ಬಿನಲ್ಲಿ ಉರಿಯೂತ ಹೆಚ್ಚುತ್ತದೆ, ಇನ್ಸುಲಿನ್ ಹೇಳಿದ ಮಾತನ್ನು ಕೋಶಗಳು ಕೇಳುವುದಿಲ್ಲ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಮನುಷ್ಯರಲ್ಲಿ ಲೆಕ್ಕ ಇಷ್ಟು ನೇರವಾಗಿಲ್ಲ, ಇಲಿಯ ಫಲಿತಾಂಶವನ್ನು ಹಾಗೇ ನಮಗೆ ಅಂಟಿಸಬಾರದು. ಆದರೆ ಹೊಟ್ಟೆಯ ಕೊಬ್ಬು ಹೆಚ್ಚಾದಷ್ಟೂ ಶುಗರ್ ಬರುವ ಸಾಧ್ಯತೆ ಹೆಚ್ಚು ಎಂಬುದರಲ್ಲಿ ಅನುಮಾನವಿಲ್ಲ.

ಹೀಗಿರುವಾಗ "ಇಮ್ಯುನಿಟಿ ಹೆಚ್ಚಿಸುವ" ಪುಡಿಗೆ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಬ್ರೇಕ್ ಸವೆದ ಗಾಡಿಗೆ ಯಾರಾದರೂ ಪೆಟ್ರೋಲ್ ಹಾಕಿಸುತ್ತಾರೆಯೇ?

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಸೀಮೆ ಭತ್ತದ ನಾಡಾಯಿತು. ಜೋಳದ ರೊಟ್ಟಿ ಉಣ್ಣುತ್ತಿದ್ದ ಎಷ್ಟೋ ಮನೆಗಳಲ್ಲಿ ಈಗ ಎರಡು ಹೊತ್ತೂ ಅನ್ನ. ಹೊಲದಲ್ಲಿ ನಾಟಿ ಮಾಡುವವರಿಗೆ ಅದು ಕರಗೀತು. ಮಸ್ಕಿ, ಲಿಂಗಸುಗೂರಿನ ಪೇಟೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಗಲ್ಲಾ ಮುಂದೆ ಕೂತವರಿಗೆ? ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಅಂದಾಜು ಮಾಡಿದೆ.

ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದ್ದು 80 ದಾಟಿದರೆ ಎಚ್ಚರ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ತಪಾಸಣೆ ಉಚಿತ. ಕರೆದುಕೊಂಡು ಹೋಗುವವರು ಬೇಕು, ಅಷ್ಟೇ. ಅದು ನಾವೇ ಆಗಬಹುದಲ್ಲ?

ಕಳೆದ ಭಾನುವಾರ ಅಮ್ಮಿಯ ಹೊಲಿಗೆ ಟೇಪು ತೆಗೆದುಕೊಂಡು ಅಬ್ಬಾನ ಸೊಂಟ ಅಳೆದೆ. 98. ಅಮ್ಮಿ ಟೇಪು ಕಸಿದುಕೊಂಡು ಒಳಕೋಣೆಗೆ ಹೋದರು. ಎಷ್ಟು ಬಂತೆಂದು ಇನ್ನೂ ಹೇಳಿಲ್ಲ.